ಹಗೇವಿಗೆ ಬಿಟ್ಟ ಬೆಳಕು

1988ರಲ್ಲಿ, ಏಳನೆಯ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಆಂಧ್ರದ ಗಡಿಯೊಳಗಿರುವ ಆದೋನಿಯ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಹೊಡೆದುಹಾಕಿದ ವಾರವೇ ತಲೆಯ ಮೇಲೆ ಗಾರೆಯ ಬುಟ್ಟಿ ಬಂತು. ಇಪ್ಪತ್ತಕ್ಕೆ ಕರಣೆ ಹಿಡಿದೆ, ಮೂವತ್ತು ತುಂಬುವ ಮೊದಲೇ ಮೇಸ್ತ್ರಿಯಾದೆ. ಪ್ಲಾನಿನ ಕಾಗದ ಬಿಡಿಸಿದರೆ ಕಬ್ಬಿಣ ಎಷ್ಟು, ಸಿಮೆಂಟ್ ಎಷ್ಟು ಎಂದು ಬಾಯಲ್ಲೇ ಹೇಳಬಲ್ಲೆ. ನಾನು ಹೇಳಿದ್ದಕ್ಕೂ ಇಂಜಿನಿಯರ್ ಬರೆದುಕೊಟ್ಟದ್ದಕ್ಕೂ ಹೆಚ್ಚು ವ್ಯತ್ಯಾಸ ಬಂದದ್ದಿಲ್ಲ. ಇದನ್ನು ಜಂಭಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಜಂಭಕ್ಕೇ ಹೇಳುತ್ತಿದ್ದೇನೆ. ಆ ಜಂಭವೂ ಈ ಕಥೆಯಲ್ಲಿ ಪಾಲುದಾರ.

ನಾನು ಹೇಳಹೊರಟಿರುವುದು 2018ರ ಬೇಸಿಗೆ ಶುರುವಾಗುವಾಗ ನಡೆದದ್ದು. ಆಗ ನನ್ನ ಕೈಕೆಳಗೆ ಹತ್ತೊಂಬತ್ತು ಜನ ಕೆಲಸ ಮಾಡುತ್ತಿದ್ದರು. ಊರು ನಾಲ್ಕೂ ದಿಕ್ಕಿಗೆ ಚಾಚುತ್ತಿತ್ತು. ಆಲೂರು, ಮದ್ದಿಕೇರ, ನದಿ ದಂಡೆಯ ನಾಗಲದಿನ್ನೆ, ಎಲ್ಲ ಕಡೆಯಿಂದ ಜನ ಬರುತ್ತಿದ್ದರು. ಕೆಲವರು ಹತ್ತಿ ಜಿನ್ನಿಂಗ್ ಮಿಲ್ಲಿನ ಕೂಲಿಗೆ, ಕೆಲವರು ನೌಕರಿ ವರ್ಗವಾಗಿ, ಹೆಚ್ಚಿನವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಲಿಕ್ಕೆ. ಬಂದವರಿಗೆಲ್ಲ ಮನೆ ಬೇಕು. ಒಂದು ಮನೆಯನ್ನು ಮೂರು ಭಾಗ ಮಾಡಿ ಬಾಡಿಗೆಗೆ ಕೊಟ್ಟರೂ ಸಾಲದಾಯಿತು. ಹೊಲಗಳಿಗೆ ಬಿಳಿ ಕಲ್ಲು ನೆಟ್ಟು, ಗರಸು ಹಾಕಿ ದಾರಿ ಎಳೆದು, ಮುಂದೊಂದು ಕಮಾನು ಕಟ್ಟಿದರೆ ಅದು ‘ವೆಂಚರ್’. ನಮ್ಮ ಕಡೆ ಲೇಔಟನ್ನು ಹಾಗೆನ್ನುತ್ತಾರೆ.

ಊರಿನ ಉತ್ತರಕ್ಕಿದ್ದ ಒಂದು ಹಳ್ಳಿ ಹೀಗೆ ಪಟ್ಟಣದ ಹೊಟ್ಟೆಯೊಳಗೆ ಸೇರಿಹೋಯಿತು. ಅದರ ಕಣದ ಜಾಗ, ಅಂದರೆ ಜೋಳದ ರಾಶಿ ಮಾಡುತ್ತಿದ್ದ ಬಯಲು, ವೆಂಚರ್ ಆಯಿತು. ಅಲ್ಲಿ ಒಂದು ಸೈಟು ಕೊಂಡವರು ಆಲೂರಿನ ಕಡೆಯ ಬಸ್ ಕಂಡಕ್ಟರ್ ರಂಗಸ್ವಾಮಿ. ಕೆಳಗೆ ತಾವು, ಮೇಲೆ ಎರಡು ಬಾಡಿಗೆ ಮನೆ, ಇದು ಅವರ ಲೆಕ್ಕ. ಇದ್ದ ಬಾಡಿಗೆ ಮನೆಯವರು ಬಿಡಿ ಬಿಡಿ ಎಂದು ಕೂತಿದ್ದರಿಂದ ಅವರಿಗೆ ಎಲ್ಲದಕ್ಕೂ ಅವಸರ. ದಿನಾ ಡ್ಯೂಟಿ ಇಳಿದವರೇ ಖಾಕಿ ಬಟ್ಟೆಯಲ್ಲೇ ಬಂದು ನಿಲ್ಲುತ್ತಿದ್ದರು.

“ಏನ್ರಿ ಮೇಸ್ತ್ರಿ, ನಿಮ್ಮ ಬಂಡಿ ಸ್ಟಾಪಿಗೊಮ್ಮಿ ನಿಲ್ಲತೈತಲ್ಲ?”

“ಎಕ್ಸ್‌ಪ್ರೆಸ್ ಬೇಕಂದ್ರ ಗ್ವಾಡಿ ಸೀಳತಾವ್ರಿ ಸಾರು,” ಎಂದು ಉತ್ತರ ಕೊಟ್ಟವನು ಸುಂಕಣ್ಣ.

ಸುಂಕಣ್ಣ ಮದ್ದಿಕೇರದವನು. ನೆಲ ಅಗೆಯುವುದರಲ್ಲಿ ಅವನಿಗೆ ಸಮನಾದವನನ್ನು ನಾನು ನೋಡಿಲ್ಲ. ಗುದ್ದಲಿಯಲ್ಲಿ ತೆಗೆದ ಪಾಯ ದಾರ ಹಿಡಿದು ನೋಡಿದರೂ ನೇರ ಇರುತ್ತಿತ್ತು. ಹದಿನೆಂಟು ವರ್ಷದಿಂದ ನನ್ನ ಜೊತೆ ಇದ್ದ. ಹೆಂಡತಿ ಮಾರೆಮ್ಮ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಊರಿನ ಅರ್ಧ ಪಾಯ ಅವನು ತೆಗೆದದ್ದು, ಆದರೆ ಇದ್ದದ್ದು ತಗಡಿನ ಬಾಡಿಗೆ ಮನೆಯಲ್ಲಿ.

ನಮ್ಮಲ್ಲಿ ಮುನಿಸಿಪಾಲಿಟಿ ನೀರು ದಿನಾ ಬರುವುದಿಲ್ಲ. ಬಂದ ದಿನ ಹಿಡಿದಿಡಬೇಕು. ಅದಕ್ಕಾಗಿ ಪ್ರತಿ ಹೊಸ ಮನೆಯ ಮುಂದೆ ನೆಲದೊಳಗೆ ತೊಟ್ಟಿ ಕಟ್ಟುತ್ತೇವೆ, ಅದೇ ಸಂಪು. ಕಂಡಕ್ಟರ್ ಸೈಟಿನಲ್ಲಿ ಪಾಯ ಮುಗಿಸಿ ಸಂಪಿಗೆ ಅಗೆಯುತ್ತಿದ್ದಾಗ ಮೂರಡಿಗೆ ಗುದ್ದಲಿ ಕಲ್ಲಿಗೆ ತಾಗಿತು. ಮಣ್ಣು ಸರಿಸಿದರೆ ಕೈಯಿಂದ ಕೆತ್ತಿದ ಬಂಡೆ. ನಾಲ್ಕು ಜನ ಸೇರಿ ಹಾರೆಯಿಂದ ಎಬ್ಬಿಸಿದೆವು. ಕೆಳಗೆ ಎರಡಡಿ ಅಗಲದ ಬಾಯಿ, ಒಳಗೆ ಕತ್ತಲು.

ಅದು ಹಗೇವು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಗೋದಾಮು ಇಲ್ಲದ ಕಾಲದಲ್ಲಿ ನಮ್ಮ ಸೀಮೆಯ ರೈತರು ಜೋಳವನ್ನು ನೆಲದೊಳಗೆ ಹೂಳಿಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಕೊಡದ ಹೊಟ್ಟೆಯಂತೆ ಅಗಲ. ಸುತ್ತ ಜೋಳದ ದಂಟು, ಹುಲ್ಲು ಒತ್ತಿ, ಕಾಳು ತುಂಬಿ, ಬಂಡೆ ಮುಚ್ಚಿ ಮೇಲೆ ಮಣ್ಣು ಹಾಕಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ವೆಂಚರ್ ಮಾಡಿದವರು ಬುಲ್ಡೋಜರ್ ಹೊಡೆದು ನೆಲ ಸಮ ಮಾಡಿದ್ದರು. ಕೆಳಗೆ ಏನಿದೆ ಎಂದು ಊರಿನ ಯಾರನ್ನೂ ಕೇಳಿರಲಿಲ್ಲ.

ಕಂಡಕ್ಟರ್ ಬಗ್ಗಿ ನೋಡಿ ಖುಷಿಯಾದರು. “ರೆಡಿಮೇಡ್ ಸಂಪು ಸಿಕ್ಕತಲ್ರಿ! ಒಳಗಿನ ಕಸ ತೆಗೆದು ಪ್ಲಾಸ್ಟರ್ ಹೊಡದ್ರ ಮುಗೀತು.”

ನನಗೂ ಅದು ಜಾಣತನವಾಗಿ ಕಂಡಿತು. ಒಂದು ವಾರದ ಅಗೆತ ಉಳಿಯುತ್ತಿತ್ತು. ಬೇಡ ಎನ್ನಲು ನನಗೆ ಒಂದು ಕಾರಣವೂ ಹೊಳೆಯಲಿಲ್ಲ.

ಸುಂಕಣ್ಣ ಲುಂಗಿ ಎತ್ತಿ ಕಟ್ಟಿದ. “ಆಗಿನವರು ಜ್ವಾಳ ತುಂಬಿದ್ರು, ನೀವು ನೀರು ತುಂಬತೀರಿ. ನನ್ನ ಹೊಟ್ಟಿ ಮಾತ್ರ ಎರಡೂ ಕಾಲದಾಗ ಖಾಲಿನಾ.”

“ನಿಲ್ಲೋ, ಹಂಗ ಇಳಿಬ್ಯಾಡ,” ಎಂದೆ. “ಹಗೇವಿಗೆ ಮೊದಲು ಬೆಳಕು ಬಿಡಬೇಕು. ಅದು ಪದ್ಧತಿ.”

ಆ ಪದ್ಧತಿಯನ್ನು ನಾನು ಕಣ್ಣಾರೆ ಕಂಡಿದ್ದೆ. ಐದಾರು ವರ್ಷದವನಿದ್ದಾಗ ತಾತನ ಊರಿನಲ್ಲಿ ಹಗೇವು ತೆಗೆದಿದ್ದರು. ಬಂಡೆ ಸರಿಸಿ, ಹಗ್ಗಕ್ಕೆ ಹಚ್ಚಿದ ಕಂದೀಲು ಕಟ್ಟಿ ಮೆಲ್ಲಗೆ ಒಳಗೆ ಬಿಟ್ಟರು. ಎಲ್ಲರೂ ಸುತ್ತ ಬಗ್ಗಿ ನೋಡಿದರು. ಆಮೇಲೆ ಒಬ್ಬ ಇಳಿದ. ಒಳಗೆ ಹಾವು ಚೇಳು ಇದೆಯೇ ಎಂದು ನೋಡಲು ದೀಪ ಬಿಡುತ್ತಾರೆ ಎಂದು ನನ್ನಷ್ಟಕ್ಕೆ ನಾನು ತಿಳಿದುಕೊಂಡೆ. ಯಾರೂ ಹೇಳಲಿಲ್ಲ, ನಾನು ಕೇಳಲಿಲ್ಲ. ಮೂವತ್ತಾರು ವರ್ಷ ಹಾಗೇ ತಿಳಿದುಕೊಂಡಿದ್ದೆ.

ಹಾವು ನೋಡಲು ಕಂದೀಲಿಗಿಂತ ಮೊಬೈಲ್ ಟಾರ್ಚ್ ಮೇಲು. ನನ್ನ ಫೋನಿನ ಟಾರ್ಚ್ ಹಚ್ಚಿ, ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗೋಡೆ ಕಟ್ಟುವಾಗ ಹಿಡಿಯುವ ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಹನ್ನೆರಡು ಅಡಿಗೆ ನೆಲ ಮುಟ್ಟಿತು. ಒಳಗೆಲ್ಲ ಹಗಲಿನಂತೆ ಕಂಡಿತು. ಕಪ್ಪಗೆ ಕೊಳೆತ ದಂಟು, ಒದ್ದೆಯಾದ ಗೋಡೆ. ಹಾವಿಲ್ಲ, ಚೇಳಿಲ್ಲ. ಕೆಲಸದವರ ಮುಂದೆ ನನಗೆ ಹೆಮ್ಮೆಯೇ ಆಯಿತು. ಹಳೆಯದನ್ನೂ ಬಲ್ಲೆ, ಹೊಸದನ್ನೂ ಬಲ್ಲೆ ಎಂದುಕೊಂಡೆ.

“ಚೊಕ್ಕ ಐತಿ, ಇಳಿ,” ಎಂದೆ.

ಬೆಳಿಗ್ಗೆ ಹನ್ನೊಂದು ದಾಟಿತ್ತು. ಬಂಡೆ ತೆಗೆದು ಒಂದು ಗಂಟೆಯೂ ಆಗಿರಲಿಲ್ಲ. ಸುಂಕಣ್ಣ ಹಗ್ಗ ಹಿಡಿದು ಗೋಡೆಗೆ ಕಾಲು ಕೊಟ್ಟು ಇಳಿದ. ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲ. ಹನ್ನೆರಡು ಅಡಿಗೆ ಯಾರು ಕಟ್ಟುತ್ತಾರೆ? ತಳ ಮುಟ್ಟಿ “ಬುಟ್ಟಿ ಬಿಡ್ರಿ” ಎಂದ. ನಾವು ಬುಟ್ಟಿ ಎತ್ತಿಕೊಂಡು ತಿರುಗುವಷ್ಟರಲ್ಲಿ ಅವನು ಗೋಡೆಗೆ ಒರಗಿದ್ದ. ನಗೆಯಾಟ ಎಂದುಕೊಂಡೆವು, ಅವನು ಹಾಗೆ ಮಾಡುವವನೇ. “ಏ ಸುಂಕಾ, ನಾಟಕ ಸಾಕು” ಎಂದು ಯಾರೋ ಕೂಗಿದರು. ಅವನು ಮೆಲ್ಲಗೆ ಕುಸಿದು, ಮುಖ ಕೆಳಗಾಗಿ ಮಲಗಿದ. ಪಕ್ಕದಲ್ಲಿ ಫೋನು ಬೆಳಗುತ್ತಲೇ ಇತ್ತು.

ನಾನು ಹಗ್ಗ ಹಿಡಿದು ಬಾಯಿಯೊಳಗೆ ಕಾಲು ಇಟ್ಟೆ. ಹಿಂದಿನಿಂದ ಅಂಗಿಯ ಕೊರಳಪಟ್ಟಿ ಹಿಡಿದು ಯಾರೋ ಜಗ್ಗಿದರು. ಉರುಕುಂದಮ್ಮ. ಆ ಹಳ್ಳಿಯಲ್ಲೇ ಹುಟ್ಟಿ ಬೆಳೆದ ಮುದುಕಿ, ವೆಂಚರಿನ ಅಂಚಿಗೆ ಅವಳ ಮನೆ. ಗದ್ದಲ ಕೇಳಿ ಓಡಿಬಂದಿದ್ದಳು.

“ಒಬ್ಬನ್ನ ಕಳಿಸಿದ್ದು ಸಾಲಲಿಲ್ಲೇನು, ನೀನೂ ಹೊಂಟಿಯಾ? ಕಂದೀಲು ಬಿಟ್ಟಿದ್ರೋ ಇಲ್ಲೋ?”

“ಬೆಳಕು ಬಿಟ್ಟಿದ್ದೆಬೇ, ಫೋನಿಂದು. ಹಾವು ಇರಲಿಲ್ಲ.”

ಅವಳು ಹಣೆ ಹಣೆ ಬಡಿದುಕೊಂಡಳು. “ಹಾವಿಗಲ್ಲೋ ಮಬ್ಬಾ! ಕಂದೀಲು ನಮ್ಮಂಗ ಉಸುರಾಡತೈತಿ. ಒಳಗ ಗಾಳಿ ಕೆಟ್ಟಿದ್ರ ಆರಿಹೋಗತೈತಿ. ಆರಿದ್ರ ಇಳೀಬಾರದು. ನಿನ್ನ ಫೋನು ಉಸುರಾಡತೈತೇನು?”

ಗುಂಡಿಯೊಳಗಿಟ್ಟ ಕಾಲನ್ನು ಹೊರಗೆ ತೆಗೆದೆ. ಅವಳು ನಿಲ್ಲಲಿಲ್ಲ. ಬೇವಿನ ಕೊಂಬೆ ಕಡಿಸಿ, ಹಗ್ಗಕ್ಕೆ ಕಟ್ಟಿಸಿ, ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ಕಲಕಲು ಹೇಳಿದಳು. ಆಡಿಸಿದೆವು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಅದರ ಕೊಂಡಿಗಳಿಂದ ಅವನ ಲುಂಗಿ ಹಿಡಿಯಲು ನೋಡಿದೆವು. ಬಟ್ಟೆ ಹರಿದು ಬಂತು, ಅವನು ಬರಲಿಲ್ಲ. ಯಾರೋ ಫೋನು ಮಾಡಿ ಕರೆಸಿದ ಅಗ್ನಿಶಾಮಕದವರು ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿಕೊಂಡು ಇಳಿದು ಅವನನ್ನು ಮೇಲೆತ್ತುವಾಗ ಹನ್ನೆರಡು ಗಂಟೆ. ಜೀವ ಇರಲಿಲ್ಲ. ಅವರ ಅಧಿಕಾರಿ ತೆಲುಗಿನಲ್ಲಿ ತಿಳಿಸಿ ಹೇಳಿದರು: ಮುಚ್ಚಿದ ಗುಂಡಿಯಲ್ಲಿ ದಂಟು ಕೊಳೆಯುತ್ತ ಆಮ್ಲಜನಕವನ್ನು ತಿಂದುಬಿಡುತ್ತದೆ, ಕೆಟ್ಟ ಗಾಳಿ ಭಾರವಾದದ್ದು, ಬಾಯಿ ತೆರೆದರೂ ತಳದಲ್ಲೇ ಕೂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಪೊಲೀಸರು ಬರುವ ಮೊದಲು ಕಂಡಕ್ಟರ್ ನನ್ನನ್ನು ಇಟ್ಟಿಗೆ ರಾಶಿಯ ಹಿಂದೆ ಕರೆದರು.

“ಮೇಸ್ತ್ರಿ, ಫೋನು ಇನ್ನೂ ಒಳಗಾ ಐತಿ. ಕೈಜಾರಿ ಬಿತ್ತು, ಎತ್ತಾಕ ಅವನಾ ಯಾರ ಮಾತೂ ಕೇಳದಾ ಇಳಿದ ಅಂದ್ರಾತು. ನನಗ ಮನಿ ಆಗಬೇಕು, ನಿಮಗ ಕೆಲಸ ಬೇಕು. ಅವನಂತೂ ಎದ್ದು ಬಂದು ಅಲ್ಲ ಅನ್ನಂಗಿಲ್ಲ.”

ಫೋನಿನ ದಾರದ ತುದಿ ಬಾಯಿಯ ಪಕ್ಕದ ಇಟ್ಟಿಗೆಗೆ ಕಟ್ಟಿತ್ತು, ಫೋನು ಇಳಿಬಿಟ್ಟದ್ದು ಎಂದು ಅದೇ ಹೇಳುತ್ತಿತ್ತು. ನಾನು ಹೋಗಿ ಅದನ್ನು ಬಿಚ್ಚಿ ಗುಂಡಿಯೊಳಗೆ ಬಿಟ್ಟೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಆಮೇಲೆ ಎಸ್‌ಐ “ದಿಗಮನ್ನದಿ ಎವರು?” ಎಂದು, ಇಳಿ ಎಂದವರು ಯಾರು ಎಂದು ಕೇಳಿದಾಗ, ಯಾರೂ ಹೇಳಲಿಲ್ಲ, ತಾನೇ ಇಳಿದ ಎಂದೆ. ಬರೆದುಕೊಂಡರು. ನನ್ನ ಕೆಲಸದವರು ನೆಲ ನೋಡುತ್ತ ನಿಂತಿದ್ದರು.

ಮಾತು ಎಷ್ಟು ಬೇಗ ಬೇರೆ ಆಕಾರ ತಾಳುತ್ತದೆ ನೋಡಿ. ಮೇಸ್ತ್ರಿಯ ಫೋನು ಬಿದ್ದಿತ್ತು, ಎತ್ತಲು ಇಳಿದ ಎಂದದ್ದು ಮಾರನೆಯ ಬೆಳಿಗ್ಗೆ ಚಹದಂಗಡಿಯಲ್ಲಿ, ಫೋನು ಹೊಡೆಯಲು ಇಳಿದ ಎಂದಾಗಿತ್ತು. ಯಾರೂ ಇಲ್ಲದಾಗ ಕದಿಯಲು ಹೋಗಿ ಸತ್ತ ಎಂದು ನನ್ನ ಮುಂದೆಯೇ ಒಬ್ಬ ಹೇಳಿದ. ನಾನು ಗ್ಲಾಸು ಕೆಳಗಿಟ್ಟು ಎದ್ದುಬಂದೆ. ಅಲ್ಲ ಎನ್ನಲಿಲ್ಲ.

ಮಣ್ಣು ಮುಗಿದ ಮೂರನೆಯ ದಿನ ಮಾರೆಮ್ಮ ನಮ್ಮ ಮನೆಗೆ ಬಂದಳು. ಕೂತುಕೋ ಎಂದರೆ ಕೂರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಕೇಳಿದಳು.

“ಹದಿನೆಂಟು ವರ್ಷ ನಿಮ್ಮ ಕೈಯಾಗ ಇದ್ದಾನ. ನಿಮ್ಮ ಕೆಲಸದಾಗಿಂದ ಒಂದು ಮೊಳಿ ಮನಿಗೆ ತಂದಾನೇನ್ರಿ ಮೇಸ್ತ್ರಿ?”

“ಇಲ್ಲ.”

“ಮತ್ತ ಫೋನು ತುಡುಗು ಮಾಡಾಕ ಇಳಿದ ಅಂತಾರ. ಸಾಲ್ಯಾಗ ನನ್ನ ಮಗಳಿಗೆ ಅಂದಾರ. ಅವ ಸತ್ತಾನ, ಆತು. ಮಕ್ಕಳು ಇನ್ನಾ ಈ ಊರಾಗಾ ಬಾಳಬೇಕಲ್ರಿ. ಇಳಿ ಅಂದವರು ಯಾರು?”

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ನಾನು ಹೇಳಿರಲಿಲ್ಲ.

“ನಾನು,” ಎಂದೆ.

ಮಾರೆಮ್ಮ ಬಯ್ಯಲಿಲ್ಲ, ಅಳಲಿಲ್ಲ. “ನನಗ ಹೇಳಿದ್ದು ಸಾಕಾಗಂಗಿಲ್ಲ. ಎಲ್ಲಿ ಬರಸಿದ್ರೋ ಅಲ್ಲಿ ಬರಸ್ರಿ,” ಎಂದು ತಿರುಗಿ ಹೋದಳು.

ಅದೇ ಮಧ್ಯಾಹ್ನ ಸ್ಟೇಷನ್ನಿಗೆ ಹೋದೆ. ದಾರದ ವಿಷಯ, ಬೆಳಕಿನ ವಿಷಯ, ಇಳಿ ಎಂದದ್ದು, ಎಲ್ಲವನ್ನೂ ತೆಲುಗಿನಲ್ಲಿ ಹೇಳಿ ಸಹಿ ಹಾಕಿದೆ. ಕಂಡಕ್ಟರ್ ಏನೆಂದರು ಎಂಬುದನ್ನೂ ಹೇಳಿದೆ, ಗಂಟು ಬಿಚ್ಚಿದ ಕೈ ನನ್ನದೇ ಎಂಬುದನ್ನೂ ಹೇಳಿದೆ. ಎಸ್‌ಐ ಪೆನ್ನು ಕೆಳಗಿಟ್ಟು, ಮೊದಲೇ ಹೇಳಿದ್ದರೆ ಅಪಘಾತ ಅಷ್ಟೇ ಆಗುತ್ತಿತ್ತಲ್ಲಯ್ಯ ಎಂದರು. ನಿರ್ಲಕ್ಷ್ಯದಿಂದ ಸಾವು, ಸುಳ್ಳು ಹೇಳಿಕೆ ಎಂದು ಕೇಸು ಬಿತ್ತು. ಆ ಕಾಗದದ ನಕಲನ್ನು ಚಹದಂಗಡಿಗೆ ಒಯ್ದು ಗಟ್ಟಿಯಾಗಿ ಓದಿ ಹೇಳಿದೆ. ಆಮೇಲೆ ಮಾರೆಮ್ಮನ ಮಗಳ ಶಾಲೆಗೆ ಹೋಗಿ ಹೆಡ್‌ಮೇಷ್ಟ್ರ ಮುಂದೆಯೂ ಓದಿದೆ. ಏಳನೆಯ ತರಗತಿ ಬಿಟ್ಟ ಮೇಲೆ ಶಾಲೆಯೊಂದರ ಒಳಗೆ ನಿಂತು ನಾನು ಓದಿದ್ದು ಅದೊಂದೇ.

ಇದಾದ ಮೇಲೆ ಕೆಲಸ ಕಡಿಮೆಯಾಯಿತು. ಕೇಸಿರುವ ಮೇಸ್ತ್ರಿಗೆ ಮನೆ ಕಟ್ಟಲು ಯಾರು ಕೊಡುತ್ತಾರೆ? ಅದನ್ನು ನಾನು ತಪ್ಪು ಎನ್ನುವುದಿಲ್ಲ. ಕಂಡಕ್ಟರ್ ಮನೆಯನ್ನು ಬೇರೆಯವರು ಮುಗಿಸಿದರು. ಹಗೇವಿಗೆ ಕಲ್ಲು ತುಂಬಿ ಪಕ್ಕದಲ್ಲಿ ಬೇರೆ ಸಂಪು ಮಾಡಿದರು. ಆ ಮೂರು ಮನೆಗಳಲ್ಲೂ ಈಗ ಸಂಸಾರಗಳಿವೆ.

ಕಣದ ಜಾಗದಲ್ಲಿ ಉಳಿದ ಸೈಟುಗಳು ಒಂದೊಂದಾಗಿ ಏಳತೊಡಗಿದಾಗ ನಾನು ಉರುಕುಂದಮ್ಮನನ್ನು ಕರೆದುಕೊಂಡು ಹೋದೆ. ಅವಳು ಕೋಲೂರಿ ನಡೆದು ನೆನಪು ಮಾಡಿಕೊಂಡು ತೋರಿಸಿದಳು. ನಾನು ಹಾರೆ ಬಡಿದು ಶಬ್ದ ಕೇಳಿದೆ. ಇನ್ನೂ ನಾಲ್ಕು ಸಿಕ್ಕವು. ಸೈಟಿನವರಿಗೆ ತೋರಿಸಿ, ಎರಡು ದಿನ ಬಾಯಿ ತೆರೆದಿಟ್ಟು, ಯಾರನ್ನೂ ಇಳಿಸದೆ ಮೇಲಿನಿಂದಲೇ ಕಲ್ಲು ಗರಸು ತುಂಬಿಸಿದೆ. ಒಬ್ಬ ಮಾತ್ರ, ಸೈಟಿನ ಬೆಲೆ ಬಿದ್ದೀತೆಂದು ನನ್ನನ್ನು ಓಡಿಸಿದ. ಅಲ್ಲಿ ಇನ್ನೊಂದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅದರ ಮೇಲೆ ಈಗ ಎರಡು ಅಂತಸ್ತು ನಿಂತಿದೆ.

ಕೆಲಸ ಕಲಿಸಿದ್ದು ಏನು ಎಂದು ಕೇಳಿದರೆ ಹೇಳುತ್ತೇನೆ. ಹಿರಿಯರು ಮಾಡಿದ್ದನ್ನು ನಾನು ಕಣ್ಣಿನಿಂದ ಕಲಿತೆ, ಬಾಯಿಂದ ಕೇಳಲಿಲ್ಲ. ಯಾಕೆ ಎಂದು ಒಂದು ಮಾತು ಕೇಳಿದ್ದರೆ ಯಾವ ಮುದುಕಿಯಾದರೂ ಹೇಳುತ್ತಿದ್ದಳು. ಕೇಳಿದರೆ ಗೊತ್ತಿಲ್ಲದವನು ಎಂದಾಗುತ್ತದಲ್ಲ, ಆ ನಾಚಿಕೆ ನನಗೆ ದೊಡ್ಡದಾಗಿತ್ತು. ಶಾಲೆ ಬಿಟ್ಟವನಿಗೆ ಅದು ಇನ್ನೂ ದೊಡ್ಡದು. ಈಗ ನನ್ನ ಕೈಕೆಳಗೆ ಬರುವವರಿಗೆ ಮೊದಲ ದಿನವೇ ಹೇಳುತ್ತೇನೆ, ಯಾಕೆ ಎಂದು ಕೇಳದೆ ನಾನು ಹೇಳಿದ್ದನ್ನು ಮಾಡಬೇಡಿ ಎಂದು. ಕೆಲವರು ನಗುತ್ತಾರೆ.

ಈಗ ನನಗಿರುವುದು ಇಷ್ಟು: ನಾನೇ ಕಟ್ಟಿದ ಎರಡು ಕೋಣೆಯ ಮನೆ ಒಂದು. ಗಾರೆ ಕಲಸುವ ಮಿಕ್ಸರ್ ಒಂದು. ನಡೆಯುತ್ತಿರುವ ಕೆಲಸ ಎರಡು. ಮುಗಿಯದ ಕೇಸು ಒಂದು, ತಿಂಗಳು ಬಿಟ್ಟು ತಿಂಗಳು ಕೋರ್ಟಿನಲ್ಲಿ ಅದರ ವಾಯಿದೆ. ಕೆಲಸದವರು ಏಳು ಜನ. ಅವರಲ್ಲಿ ಅಗೆಯುವವರು ಯಾರೂ ಇಲ್ಲ. ಅಗೆತ ನಾನೇ ಮಾಡುತ್ತೇನೆ.