ಪಾವಣೆ ಎಂಟು

ಪುಣೆಯ ಬಿಬವೇವಾಡಿಯ ನನ್ನ ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಮಂಡ್ಯದಿಂದ ಬಂದ ಹಿತ್ತಾಳೆಯ ಪಾವೊಂದಿದೆ. ಸೇರಿನ ಕಾಲು ಭಾಗ ಹಿಡಿಯುವ ಆ ಪುಟ್ಟ ಪಾತ್ರೆಗೆ ಅಕ್ಕಿ ತುಂಬಿ, ಅಂಗೈಯಿಂದ ಸಮವಾಗಿ ಸವರಿ, ಒಂದು ಕಾಳೂ ಹೆಚ್ಚುಕಮ್ಮಿಯಾಗದಂತೆ ಅಳೆದು, ಕೊನೆಗೆ ಕುಕ್ಕರಿಗೆ ನೀರು ಹಾಕುವುದನ್ನೇ ಮರೆಯುವ ಜಾಣೆ ನಾನು. ಇಂಥವಳಿಗೆ ಅಳತೆಯೇ ಹೊಟ್ಟೆಪಾಡು ಎಂದರೆ ನೀವು ನಗುತ್ತೀರಿ. ನಗಿ, ಮುಂದೆ ಇನ್ನೂ ಇದೆ.

ಪುಣೆ ಜಿಲ್ಲೆಯ ಕುರಕುಂಭದ ಒಂದು ಕಾರ್ಖಾನೆಯಲ್ಲಿ, ಬಟ್ಟೆ ಒಗೆಯುವ ಪುಡಿಗೆ ಬೆರೆಸುವ ಕಿಣ್ವಕ್ಕಾಗಿ, ಮನೆಯೆತ್ತರದ ಉಕ್ಕಿನ ಟ್ಯಾಂಕುಗಳಲ್ಲಿ ಸೂಕ್ಷ್ಮಾಣುಗಳನ್ನು ಬೆಳೆಸುತ್ತಾರೆ. ಅವು ಬೆಳೆದಂತೆಲ್ಲ ರಸ ಕದಡುತ್ತದೆ; ಗಂಟೆಗೊಮ್ಮೆ ಚೂರು ರಸ ತೆಗೆದು, ಎಷ್ಟು ಕದಡಿದೆಯೆಂದು ಯಂತ್ರದಲ್ಲಿ ನೋಡಿ ಬರೆದಿಟ್ಟರೆ, ಆ ಅಂಕಿಗಳಿಂದ ಬೆಳವಣಿಗೆಯ ಗೆರೆ ಎಳೆದು, ಅದಕ್ಕೊಂದು ಸಮೀಕರಣದ ಅಂಗಿ ತೊಡಿಸಿ ವರದಿ ಬರೆಯುವವಳು ನಾನು. ಪುಣೆಯ ಕಚೇರಿಯ ತಂಪಿನಲ್ಲಿ ಕೂತು, ಕಣ್ಣಿಂದ ನೋಡದ ಜೀವಿಗಳ ಬಗ್ಗೆ ದಶಮಾಂಶದ ಮೂರನೆಯ ಸ್ಥಾನದವರೆಗೂ ಖಚಿತವಾಗಿ ಮಾತಾಡುವ ಗತ್ತು ಬೇರೆ.

ಬೆಳಗಿನ ಪಾಳಿಯಲ್ಲಿ ರಸ ತೆಗೆಯುತ್ತಿದ್ದವನು ಆಳಂದದ ಕಡೆಯ ಮಲ್ಲಣ್ಣ. ಮೂಟೆ ಹೊರಲು ಬಂದು ಯಂತ್ರ ನೋಡುವುದನ್ನು ಕಲಿತವನು. ಆ ಕೆಲಸವೆಂದರೆ ಅವನಿಗೆ ಭಾಳ ಅಭಿಮಾನ. ಉಳಿದ ಪಾಳಿಯವರು ಸರಿಯಾಗಿ ಗಂಟೆಗೆ ತೆಗೆದರೆ, ಆ ಹೊತ್ತಿಗೆ ಪಕ್ಕದ ಟ್ಯಾಂಕಿನ ಒತ್ತಡವನ್ನೂ ನೋಡಬೇಕಿದ್ದ ಇವನು ಕಾಲು ಗಂಟೆ ಮೊದಲೇ ತೆಗೆದಿಡುತ್ತಿದ್ದ; ಅದು ಆಗ ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿದ ಮೇಲೆ ಫೋನು ಮಾಡಿ, ತನ್ನ ಪುಸ್ತಕ ನೋಡಿಕೊಂಡು, "ಪಾವಣೆ ಎಂಟಕ್ಕ ತಗದಿದ್ದು ಬರ್ಕೋರಿ ಅಕ್ಕಾರ" ಎಂದು ಒಂದೊಂದಾಗಿ ಓದುತ್ತಿದ್ದ. ಪಾವು ಎಂದರೆ ಕಾಲು, ಹಾಗಾಗಿ ಪಾವಣೆ ಎಂಟು ಎಂದರೆ ಎಂಟೂ ಕಾಲು ಎಂದು ನನ್ನ ಮಂಡ್ಯದ ತಲೆ ಅರ್ಥ ಮಾಡಿಕೊಂಡಿತು. ಕೇಳಿ ಖಚಿತಪಡಿಸಿಕೊಳ್ಳಲು ಬಾಯಿಯಿತ್ತು, ಬಿಗುಮಾನ ಬಿಡಲಿಲ್ಲ.

ಗೆರೆ ಎಳೆದು ನೋಡಿದರೆ ಮಲ್ಲಣ್ಣನ ಬಿಂದುಗಳು ಮಾತ್ರ ಪಕ್ಕಕ್ಕೆ ಸರಿದು ನಿಂತಿದ್ದವು; ಅವನ ಪಾಳಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆ ಸೋಮಾರಿಗಳಾಗುತ್ತಿದ್ದವು. ಕೈತಪ್ಪಾದರೆ ಬಿಂದುಗಳು ಅತ್ತಿತ್ತ ಚೆದುರಬೇಕು. ಅಷ್ಟೂ ಸಾಲಾಗಿ, ಒಂದೇ ಅಳತೆಯಲ್ಲಿ ಸರಿದಿವೆಯೆಂದರೆ ತಪ್ಪು ಬೇರೆಲ್ಲೋ ಇದೆಯೆಂದು ಹಿಂದೆ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳಿದ್ದೇನೆ. ಆದರೂ ಮೂರು ಬಗೆಯ ಸಂಖ್ಯಾಶಾಸ್ತ್ರದ ಪರೀಕ್ಷೆ ನಡೆಸಿ, "ಬೆಳಗಿನ ಪಾಳಿಯ ಮಾಪನ ನಂಬಲರ್ಹವಲ್ಲ" ಎಂದು ಬರೆದು ಸಹಿ ಹಾಕಿದೆ. ಮರುವಾರ ಮಲ್ಲಣ್ಣನನ್ನು ಡ್ರಮ್ಮು ತೊಳೆಯಲು ಕಳಿಸಿದರು.

ತಿಂಗಳಾದ ಮೇಲೆ ಕಾರ್ಖಾನೆಗೆ ಹೋಗಿದ್ದಾಗ ಅಂಗಳದಲ್ಲಿ ಅವನೇ ಎದುರಾದ. ಮೊದಲಿನ ಅಕ್ಕರೆಯಲ್ಲೇ, "ಪುಣೆ ಗಾಡಿ ಪಾವಣೆ ಐದಕ್ಕ ಬಿಡ್ತದರಿ ಅಕ್ಕಾರ, ಲಗೂ ಬರ್ರಿ" ಎಂದ. ಐದೂ ಕಾಲಿನ ಬಸ್ಸಿಗೆ ಐದಕ್ಕೇ ಗೇಟಿನಲ್ಲಿ ಹಾಜರಾಗಿ, ನನ್ನ ಶಿಸ್ತಿಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಕಾವಲುಗಾರ ಕನಿಕರದಿಂದ ನೋಡಿ, ಮರಾಠಿಯಲ್ಲಿ "ಗಾಡೀ ಗೇಲೀ ಮ್ಯಾಡಮ್, ಪಾವಣೇ ಪಾಚಲಾ" ಎಂದು ಗೋಡೆಯ ಗಡಿಯಾರದಲ್ಲಿ ಮುಕ್ಕಾಲಿಗೆ ದೊಡ್ಡ ಮುಳ್ಳು ತಲುಪುವ ಒಂಬತ್ತರ ಅಂಕಿಯತ್ತ ಬೆರಳು ತೋರಿಸಿದ. ಪಾವಣೆ ಎಂದರೆ ಕಾಲು ಕಮ್ಮಿ! ಬಸ್ಸು ನಾಲ್ಕೂ ಮುಕ್ಕಾಲಿಗೇ ಹೊರಟಿತ್ತು. ನಾಲ್ಕು ವರ್ಷ ಪುಣೆಯ ನೀರು ಕುಡಿದು, ಗಂಟೆ ಎಷ್ಟೆಂದು ಮೊಬೈಲನ್ನಲ್ಲದೆ ಮನುಷ್ಯರನ್ನು ಕೇಳದವಳಿಗೆ ಇದು ತಿಳಿಯಲು ಒಂದು ಬಸ್ಸು ತಪ್ಪಬೇಕಾಯಿತು. ಏಳೂ ಮುಕ್ಕಾಲಿನ ರಸವನ್ನು ಎಂಟೂ ಕಾಲಿಗೆ ಬರೆದವಳು ನಾನೇ ಎಂದು ಆಗ ಹೊಳೆಯಿತು.

ಡ್ರಮ್ಮು ತೊಳೆಯುವ ಕಡೆಗೆ ನಡೆದು ಎಲ್ಲವನ್ನೂ ಹೇಳಿದೆ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಒದ್ದೆ ಕೈ ಒರೆಸಿಕೊಳ್ಳುತ್ತ, "ಹೌದೇನ್ರಿ? ನನ್ನ ಕಣ್ಣಽ ಮಂಜಾಗ್ಯಾವ ಅನ್ಕೊಂಡಿದ್ನರಿ. ದವಾಖಾನಿಗೂ ಹೋಗಿ ತೋರ್ಸಿದೆ, ಕಣ್ಣು ಛಲೋ ಅದಾವ ಅಂದ್ರು. ಆದ್ರೂ ನನಗ ನಂಬಿಕಿ ಬರ್ಲಿಲ್ಲರಿ" ಎಂದ. ನನ್ನ ಸಹಿಯನ್ನು ಅವನು ವೈದ್ಯರಿಗಿಂತ ಹೆಚ್ಚು ನಂಬಿದ್ದ.

ಮ್ಯಾನೇಜರರ ಮುಂದೆ ನನ್ನ ತಪ್ಪನ್ನು ನಾನೇ ಓದಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಮಲ್ಲಣ್ಣ ಟ್ಯಾಂಕಿಗೆ ಮರಳಿದ. ಈಗ ಮತ್ತೆ ಎರಡಕ್ಕೆ ಫೋನು ಬರುತ್ತದೆ. ನನ್ನ ಮೇಲೆ ಕರುಣೆಯಿಟ್ಟು "ಏಳೂ ಮುಕ್ಕಾಲು" ಎಂದು ನಮ್ಮ ಕಡೆಯವರಂತೆ ಬಿಡಿಸಿ ಹೇಳುತ್ತಾನೆ, ಬಿಂದುಗಳೆಲ್ಲ ಗೆರೆಯ ಮೇಲೆ ಬಂದು ಕೂರುತ್ತವೆ. ಪ್ರತಿ ಅಂಕಿಯ ಹಿಂದೆ ಒಂದು ಮಾತು ಮಾತ್ರ ಹೊಸದಾಗಿ ಸೇರಿದೆ: "ಎರಡ ಸಲ ನೋಡೀನ್ರಿ ಅಕ್ಕಾರ." ಮೊದಲು ಅವನು ಒಂದೇ ಸಲ ನೋಡುತ್ತಿದ್ದ, ಅಷ್ಟೇ ಸಾಕಾಗುತ್ತಿತ್ತು.