ಹೆಸರು ಬರೆಯದ ಚೀಟಿ

ಹೋದ ವಾರ ಸೋಮವಾರ ನಾನು ಮೂವತ್ತೊಂದು ಹುಡುಗರಿಗೆ ಒಂದು ಮಾತು ಕೊಟ್ಟೆ. ಆರು ದಿನ ಉಳಿಸಿಕೊಂಡೆ. ಏಳನೆಯ ದಿನ ಒಂದು ಲೋಟ ಕಾಫಿಗೆ ಅದನ್ನು ಮಾರಿಬಿಟ್ಟೆ.

ವಿಷಯ ಬೀಡಿಯದು. ನಮ್ಮ ಮಿಡಲ್ ಸ್ಕೂಲಿನ ಹಿಂದೆ, ಹುಣಸೆಮರದ ಬುಡದಲ್ಲಿ ಮೋಟು ಬೀಡಿಗಳು ಸಿಕ್ಕವು. ಹೆಡ್ಮಾಸ್ಟರು ಬೆತ್ತ ತರಿಸಿದರು. ನಾನೋ ದೊಡ್ಡ ಮಾಡರ್ನ್ ಮೇಷ್ಟ್ರು. ಬೆತ್ತ ಆಮೇಲೆ, ಮೊದಲು ಹುಡುಗರ ಮನಸ್ಸಿನಲ್ಲಿ ಏನಿದೆ ತಿಳಿಯೋಣ ಎಂದೆ. ಹಳೆಯ ಉತ್ತರಪತ್ರಿಕೆ ಹರಿದು ಚೀಟಿ ಮಾಡಿದೆ (ಯುದ್ಧ ಬಂದಮೇಲೆ ಕಾಗದ ಎಲ್ಲಿ ಸಿಗುತ್ತದೆ?). ಬೀಡಿ, ನಶ್ಯ, ಹೊಗೆಸೊಪ್ಪು ಯಾವುದಾದರೂ ಮುಟ್ಟಿದ್ದೀರಾ? ಯಾಕೆ? ನಿಜ ಬರೆಯಿರಿ. ಹೆಸರು ಬೇಡ. ಯಾರು ಏನು ಬರೆದರೆಂದು ಯಾರಿಗೂ ಹೇಳುವುದಿಲ್ಲ ಎಂದೆ.

ಮೂವತ್ತು ಚೀಟಿಗಳಲ್ಲಿ ‘ಇಲ್ಲ’ ಎಂದಿತ್ತು. ಒಬ್ಬನಂತೂ ‘ದೇವರಾಣೆಗೂ ಇಲ್ಲ’ ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದ. (ಅವನು ಹತ್ತಿರ ಬಂದರೆ ಏಲಕ್ಕಿ ಘಮಘಮ. ಕಾರಣವಿಲ್ಲದೆ ದಿನಾ ಯಾರು ಏಲಕ್ಕಿ ಅಗಿಯುತ್ತಾರೆ?)

ಮೂವತ್ತೊಂದನೆಯದು ಹೀಗಿತ್ತು:

“ತಾತನ ಬೀಡೀನ ಒಲೇಲಿ ಹತ್ತಿಸ್ಕಂಡು ಬರೋದು ನನ್ನ ಕೆಲಸ. ಜಗಲಿಗೆ ಬರೋಗಂಟ ಆರಬಾರದು ಅಂದ್ರೆ ಎರಡು ಸಲ ಎಳೀಲೇಬೇಕು. ಚಿಕ್ಕೋನಿದ್ದಾಗ್ನಿಂದ ಎಳ್ದಿವ್ನಿ. ತಾತ ತೀರ್ಕಂಡ. ಈಗ್ಲೂ ಒಂದೊಂದು ದಿನ ಹತ್ತಿಸ್ತೀನಿ. ಕೊಡಾಕೆ ಯಾರೂ ಇಲ್ಲ.”

ಅಕ್ಷರ ನೋಡಿದೊಡನೆ ಯಾರದೆಂದು ಗೊತ್ತಾಯಿತು. ಕೊಣನೂರಿನ ಕಡೆಯ ರೈತರ ಹುಡುಗ. ಹಾಸ್ಟೆಲಿನಲ್ಲಿದ್ದ. (ಹೆಸರು ಬರೆಯುವುದಿಲ್ಲ. ಈಗ ಬಂತು ನನಗೆ ಬುದ್ಧಿ.)

ಆ ಚೀಟಿಯ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಹಾಸನದಿಂದ ಈ ಊರಿಗೆ ವರ್ಗವಾಗಿ ಬಂದು ಒಂಬತ್ತು ತಿಂಗಳು. ಹೆಂಡತಿ ತೀರಿಕೊಂಡು ಮೂರು ವರ್ಷ. ತೆಂಗಿನಕಾಯಿ ಮಂಡಿಯ ಹಿಂದೆ ಒಂದು ಕೋಣೆ ಮಾಡಿಕೊಂಡಿದ್ದೇನೆ. ಸಂಜೆ ಸ್ಕೂಲು ಬಿಟ್ಟರೆ, ಮರುದಿನ ಹಾಜರಿ ಕೂಗುವ ತನಕ ನನ್ನ ದನಿ ನನಗೇ ಕೇಳಿಸುವುದಿಲ್ಲ.

ಇಂಥವನನ್ನು ಭಾನುವಾರ ಹೆಡ್ಮಾಸ್ಟರು ಮನೆಗೆ ಕರೆದರು. ಈ ಊರಿನಲ್ಲಿ ನನ್ನನ್ನು ಕರೆದ ಮೊದಲ ಮನೆ. ಕಾಫಿ ಬಂತು, ಕೋಡುಬಳೆ ಬಂತು. “ಏನ್ರೀ ಮೇಷ್ಟ್ರೇ, ಚೀಟಿ ಬರೆಸಿದಿರಲ್ಲ, ಏನು ಸಿಕ್ತು?” ಎಂದರು. ಏಲಕ್ಕಿಯವನ ಕತೆ ಹೇಳಿದೆ. ಎಲ್ಲರೂ ನಕ್ಕರು. ನಾನು ಹೇಳಿದ್ದಕ್ಕೆ ಒಂದು ಮನೆ ಮಂದಿ ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತು! ಅದೇ ಹುರುಪಿನಲ್ಲಿ ತಾತನ ಬೀಡಿಯನ್ನೂ ಹೇಳಿದೆ.

ಹೆಡ್ಮಾಸ್ಟರು ಬೆಳ್ಳಿ ಡಬ್ಬಿ ತೆಗೆದು ಚಿಟಿಕೆ ನಶ್ಯ ಏರಿಸಿದರು. “ಭೇಷ್. ಯಾರ್ರೀ ಅವನು?”

ಹೇಳಿಬಿಟ್ಟೆ. ಹೇಳದಿದ್ದರೆ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು. ನನಗೆ ಎದ್ದು ಕೋಣೆಗೆ ಹೋಗುವ ಮನಸ್ಸಿರಲಿಲ್ಲ. ಅಷ್ಟೇ ಕಾರಣ.

ಸೋಮವಾರ ಬೆಳಿಗ್ಗೆ ಹುಡುಗನ ಹಾಸ್ಟೆಲ್ ಸೀಟು ಹೋಗಿತ್ತು. ಹಾಸ್ಟೆಲ್ ಇಲ್ಲದಿದ್ದರೆ ಅವನಿಗೆ ಸ್ಕೂಲೂ ಇಲ್ಲ. ಅಷ್ಟು ದೂರದಿಂದ ದಿನಾ ನಡೆದು ಬರಲಾದೀತೇ? ನಾನು ಕೈಮುಗಿದು ಕೇಳಿಕೊಂಡೆ. ಹೆಡ್ಮಾಸ್ಟರು, “ಒಬ್ಬನನ್ನ ಕಳಿಸಿದರೆ ಮಿಕ್ಕವರು ನೆಟ್ಟಗಾಗ್ತಾರೆ. ನೀವೇ ಹೇಳಿದಿರಲ್ಲ,” ಎಂದರು. ಮಿಕ್ಕವರು ಆಗಲೇ ಪಾಠ ಕಲಿತಿದ್ದರು. ‘ಇಲ್ಲ’ ಎಂದು ಬರೆದವರೆಲ್ಲ ಬೆಂಚಿನ ಮೇಲೆ ಸುಖವಾಗಿ ಕೂತಿದ್ದರು.

ನಮ್ಮ ಮನೆಗಳಲ್ಲಿ ಹೊಗೆಸೊಪ್ಪು ತರಲು ಅಂಗಡಿಗೆ ಓಡುವವರು ಯಾರು? ಬೀಡಿಗೆ ಒಲೆಯ ಕೆಂಡ ತರುವವರು ಯಾರು? ಮಕ್ಕಳ ಕೈಗೆ ಕೊಟ್ಟವರು ನಾವು. ಆಮೇಲೆ ಬೆತ್ತ ಹಿಡಿದವರೂ ನಾವೇ.

ಮಂಗಳವಾರ ಬಸ್ ಸ್ಟ್ಯಾಂಡಿಗೆ ಹೋದೆ. ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುವ ಕೊಣನೂರಿನ ಬಸ್ಸು ಇನ್ನೂ ಹೊಗೆ ಕಕ್ಕುತ್ತಾ ನಿಂತಿತ್ತು. ಹುಡುಗ ತಗಡಿನ ಟ್ರಂಕಿನ ಮೇಲೆ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ.

“ನಾನು ಎಸ್ರು ಬರ್ದಿರ್ನಿಲ್ಲ ಸಾ.”

“ಗೊತ್ತು ಕಣಪ್ಪ.”

“ಮತ್ತೆ ಅವ್ರಿಗೆ ಎಂಗ್ ಗೊತ್ತಾಯ್ತು ಸಾ?”

ಕೇಳಿದವನು ತಾನೇ, “ಅಕ್ಸರ ನೋಡಿ ಇಡ್ಕಂಡವ್ರೆ. ಅಷ್ಟು ಚೆಂದಾಗಿ ಬರೀಬಾರ್ದಿತ್ತು ಬುಡಿ ಸಾ,” ಎಂದ.

ಆ ಅಕ್ಷರ ತಿದ್ದಿಸಿದವನು ನಾನು. ಹೆಡ್ಮಾಸ್ಟರಿಗೆ ಅವನ ಹೆಸರು ಹೇಳಿದವನೂ ನಾನೇ ಎಂದು ಅಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬಸ್ಸು ಹೊರಟುಹೋಯಿತು. ಅಲ್ಲಿ ಹೇಳದ್ದನ್ನು ಇಲ್ಲಿ ಬರೆದಿದ್ದೇನೆ. ಅವರ ಊರಿಗೆ ಈ ಪತ್ರಿಕೆ ಹೋಗುತ್ತದೋ ಇಲ್ಲವೋ ತಿಳಿಯದು.

ಈ ಭಾನುವಾರವೂ ಕಾಫಿಗೆ ಬನ್ನಿ ಎಂದಿದ್ದಾರೆ ಹೆಡ್ಮಾಸ್ಟರು (ಇದನ್ನು ಇನ್ನೂ ಓದಿಲ್ಲ). ಹೋಗಬೇಡಿ ಮೇಷ್ಟ್ರೇ ಎನ್ನುತ್ತೀರಿ, ಗೊತ್ತು. ಸರಿ, ಹೋಗುವುದಿಲ್ಲ. ಆದರೆ ಆವತ್ತು ಸಂಜೆ ನಿಮ್ಮಲ್ಲಿ ಯಾರ ಮನೆಗೆ ಬರಲಿ?