ಗೋಡೆಯ ಮೇಲೆ ಕಾಕಾ

ತಪ್ಪು ನನ್ನದೇ. ಸಾಸಿವೆ ಕಾಳಿನಷ್ಟಿದ್ದ ಒಂದು ನೊಣವನ್ನು ನಾನು ತೀರಿಹೋದ ಕಾಕಾ ಎಂದು ಸಾರಿಬಿಟ್ಟೆ; ಅದೂ ಕಾಕಾನ ದನಿಯಲ್ಲೇ.

ಕಂಡವರ ಹಾಗೆಲ್ಲ ಮಾತಾಡುವ ಚಟ ನನ್ನದು. ಹಾವೇರಿ ಬಸ್‌ಸ್ಟ್ಯಾಂಡಿನ ಕಂಡಕ್ಟರು, ನಮ್ಮ ಓಣಿಯ ಅಯ್ಯನವರು, ಹುಡುಗಿ ನೋಡಲು ಹೋಗಿ ತೊದಲಿದ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಕಾಕಾ ಸತ್ತ ಮೇಲೂ ಅಲ್ಲಿಂದ ಖಾಲಿ ಮಾಡಿರಲಿಲ್ಲ. ಘಾಟಿಗೆ ಒಡೆದ ದನಿ. ಪ್ರತಿ ಮಾತಿಗೂ ಮುಂಚೆ ಒಂದು ಕೆಮ್ಮು.

ಒಂದು ಸಂಜೆ ಕಾಕಾನ ಹೆಂಡತಿ ಚಿಗವ್ವ ಅವರ ಫೋಟೋದ ಮುಂದೆ ದೀಪ ಹಚ್ಚುತ್ತ, ಗೋಡೆ ಮೇಲೆ ಏನೋ ಸರಿದಂತಾಯಿತಲ್ಲ ಎಂದಳು. ಅವಳ ಎರಡೂ ಕಣ್ಣಿಗೆ ಪೊರೆ. ನಾನು ಕೆಮ್ಮಿ, "ನಾನ ಬಂದೇನಿ" ಎಂದೆ. ಅವಳು ನಗಲಿಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡಳು.

ಅಂದಿನಿಂದ ಆ ಗೋಡೆಗೆ ಕಸಬರಿಗೆ ತಾಗಿಸಗೊಡಲಿಲ್ಲ. ರಾಣೇಬೆನ್ನೂರಿನಲ್ಲಿ ಗೊತ್ತಾಗಿದ್ದ ಕಣ್ಣಿನ ಆಪರೇಷನ್ನಿಗೂ ಒಲ್ಲೆನೆಂದಳು. ಬಂದವರನ್ನು ಬಿಟ್ಟು ಹೋಗುವುದು ಹೇಗೆ? ತಡ ಮಾಡಿದರೆ ಇರುವ ಮಬ್ಬು ಬೆಳಕೂ ಹೋದೀತೆಂದು ಡಾಕ್ಟರು ಹೇಳಿದ್ದರು. ಚೇಷ್ಟೆಗೆ ಅಂದದ್ದೆಂದು ಕಾಲು ಹಿಡಿದೆ. ನನ್ನ ದನಿಯನ್ನು ನಂಬಿದವಳು ನನ್ನನ್ನು ಮಾತ್ರ ನಂಬಲಿಲ್ಲ.

ಕಾಕಾನ ಮಗಳು ಗಿರಿಜಾ ಓದುತ್ತಿರುವುದೇ ನೊಣಗಳ ಬಗ್ಗೆ. ಬಂದು ಭೂತಗನ್ನಡಿ ಹಿಡಿದು, ಗೂನುಬೆನ್ನಿನ ನೊಣವೆಂದಳು. ಈ ಕುಲದಲ್ಲಿ ಸಾವಿರಾರು ಜಾತಿಯಂತೆ. ಕೆಲವು ಚರಂಡಿಯ ಕೊಳೆಯಲ್ಲಿ ಮೊಟ್ಟೆಯಿಡುತ್ತವೆ. ಕೆಲವು ಜೀವಂತ ಇರುವೆಯ ತಲೆಯೊಳಗೆ ಬೆಳೆಯುತ್ತವೆ. ಆ ತಲೆ ಒಂದು ದಿನ ಕಳಚಿ ಬೀಳುತ್ತದೆ. ಇನ್ನು ಕೆಲವು ಮಣ್ಣಿನ ಸಂದಿಯಲ್ಲಿ ಆಳುದ್ದ ಇಳಿದು ಹೂತವರನ್ನು ಮುಟ್ಟಿಬರುತ್ತವೆ.

ನಮ್ಮಲ್ಲಿ ಹೂಳುವ ಪದ್ಧತಿ. ಕಾಕಾನನ್ನು ಕಾಗಿನೆಲೆ ದಾರಿಯ ಹೊಲದಲ್ಲಿ ಕೂಡ್ರಿಸಿ ಮಣ್ಣು ಕೊಟ್ಟಿದ್ದೆವು. ಪರರ ದನಿಗಳು ತುಂಬಿದ ನನ್ನ ತಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ಇನ್ನೂ ಕತ್ತಿನ ಮೇಲೇ ಇತ್ತು. ಧೈರ್ಯಕ್ಕೆಂದು, ಒಬ್ಬನೇ ಇದ್ದಾಗ, ಗೋಡೆಯತ್ತ ತಿರುಗಿ ಕಾಕಾನಂತೆ ಕೆಮ್ಮಿದೆ. ಓಡುತ್ತಿದ್ದ ನೊಣ ಗಕ್ಕನೆ ನಿಂತಿತು. ಆಮೇಲೆ ನನಗೆ ನಿಜವಾದ ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದೆ, ನೋಡಿ.

ಯಾವ ಜಾತಿಯೆಂದು ತಿಳಿಯಬೇಕಾದರೆ ಗಂಡುನೊಣವನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅದರ ಹಿಂಭಾಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕು ಎಂದಳು ಗಿರಿಜಾ. ಚಿಗವ್ವ ಗೋಡೆಗೆ ಅಡ್ಡ ನಿಂತಳು. "ಹಡದಪ್ಪನ್ನ ಹಂಗ ತಿರುವಿ ನೋಡ್ತೀಯೇನ?"

ಗಿರಿಜಾ ನೋಟ್‌ಬುಕ್ ತೆರೆದಳು. ಹಿಡಿಯುವುದು ಬೇಡವೆಂದರೆ ಬೇಡ, ಲಕ್ಷಣವನ್ನಾದರೂ ಬರೆದುಕೊಳ್ಳುವೆನೆಂದು ಗಟ್ಟಿಯಾಗಿ ಹೇಳುತ್ತ ಬರೆಯತೊಡಗಿದಳು. ಬಣ್ಣ ಕಂದು. ಚಿಗವ್ವ ತಲೆಯಾಡಿಸಿದಳು, ಕಾಕಾ ಬೆಳ್ಳಗೇನಿರಲಿಲ್ಲ. ಬೆನ್ನು ಗೂನು. ಹೌದು, ಚೀಲ ಹೊತ್ತು ಹೊತ್ತು ಬಾಗಿದ್ದು. ಹಿಂಗಾಲಿನ ತೊಡೆ ದಪ್ಪ. ಅದಕ್ಕೂ ತಲೆಯಾಡಿತು. ರೆಕ್ಕೆಯಿದ್ದರೂ ಹಾರುವುದು ಕಡಿಮೆ. ಗಡಿಬಿಡಿಯಿಂದ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ.

ಚಿಗವ್ವನ ತಲೆ ನಿಂತಿತು. "ಓಡತೈತಿ?" ಎಂದು ಎರಡು ಸಲ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಮ್ಮ ಕಾಕಾ ಜಲ್ಮದಾಗ ಬಸ್ಸು ತಪ್ಪಿದ್ರೂ ಓಡಿದವರಲ್ಲ. ಯಾರ ಮನಿ ಗಂಡಸೋ ಏನೋ, ಲಗೂ ಹಿಡದು ಬಾಟ್ಲಿಗೆ ಹಾಕು."